ಛಾವಣಿಯ ಕಂಬಿ ಕೆಳಗೆ, ಬಾಲ್ಕನಿಯ ಕಂಬಿ ಮೇಲೆ: ಯಾಕೆ?

ನಾಗರಬಾವಿಯಲ್ಲಿ ನಮ್ಮ ಅಕ್ಕ ಮನೆ ಕಟ್ಟಿಸುತ್ತಿದ್ದಾಳೆ. 30-40 ಸೈಟು. ಮೊನ್ನೆ ಮೊದಲ ಮಹಡಿಗೆ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕುವ ದಿನ. ಬೆಳಗ್ಗೆ ಏಳಕ್ಕೆಲ್ಲ ಪೂಜೆ ಮುಗಿದು ಮಿಕ್ಸರ್ ಶುರುವಾಗಿತ್ತು. ಬಾಂಡ್ಲಿ ಹೊತ್ತವರು ಬಾಲ್ಕನಿ ಕಡೆಯ ಕಂಬಿಗಳ ಮೇಲೆ ಕಾಲಿಟ್ಟುಕೊಂಡೇ ಓಡಾಡುತ್ತಿದ್ದರು. ಹೋಗಿ ಬಂದು ಮಾಡುವಷ್ಟರಲ್ಲಿ ಕಂಬಿಗಳು ತಗ್ಗಿ ತಗ್ಗಿ, ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗ್ ಹಲಗೆಗೇ ತಾಗಿಬಿಟ್ಟಿದ್ದವು.

ಎಂಜಿನಿಯರ್ ಬಂದು ನೋಡಿದವರೇ ಕೈ ಎತ್ತಿದರು. "ಮೇಸ್ತ್ರಿ, ನಿಲ್ಸಿ ನಿಲ್ಸಿ. ಬಾಲ್ಕನಿ ಕಂಬಿ ಪೂರ್ತಿ ಕೆಳಗೆ ಹೋಗಿದೆ. ಎತ್ತಿ ಕಟ್ಟಿಸೋ ತನಕ ಒಂದು ಬಾಂಡ್ಲಿ ಕಾಂಕ್ರೀಟೂ ಬೀಳಬಾರದು."

ಅಕ್ಕನಿಗೆ ಗಾಬರಿ. "ಸರ್, ಹೇಗಿದ್ರೂ ಕಂಬಿ ಕಾಂಕ್ರೀಟ್ ಒಳಗೇ ಇರತ್ತಲ್ವಾ? ಮೇಲಿದ್ರೇನು, ಕೆಳಗಿದ್ರೇನು?"

"ನ್ಯೂಟ್ರಲ್ ಆಕ್ಸಿಸ್ ಮೇಡಂ," ಅಂದವರು ಕಂಬಿ ಎತ್ತಿಸಲು ಹೋದರು. ಅಕ್ಕ ನನ್ನ ಮುಖ ನೋಡಿದಳು. ನಾನು ಡಿಪ್ಲೊಮಾ ಹುಡುಗರಿಗೆ ಸಿವಿಲ್ ಪಾಠ ಹೇಳುವವನು. ಆ ಗದ್ದಲದಲ್ಲಿ ನಿಂತು ಹೇಳುವುದಕ್ಕೆ ಆಗಲಿಲ್ಲ. ಮನೆ ಕಟ್ಟಿಸುವ ಯಾರಿಗಾದರೂ ಬರಬಹುದಾದ ಪ್ರಶ್ನೆ ಇದು. ಅದಕ್ಕೇ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

## ಮೊದಲು ಒಂದು ಸೌತೆಕಾಯಿ

ಒಂದು ಎಳೆ ಸೌತೆಕಾಯಿ ತೆಗೆದುಕೊಳ್ಳಿ. ಎರಡೂ ತುದಿಯನ್ನು ಬೆರಳುಗಳಿಂದ ಕೆಳಗಡೆ ಹಿಡಿದು, ಎರಡು ಹೆಬ್ಬೆರಳನ್ನು ನಡುವೆ ಮೇಲಿಟ್ಟು ಒತ್ತಿ. ಬಿರುಕು ಎಲ್ಲಿ ಶುರುವಾಗುತ್ತದೆ? ಹೆಬ್ಬೆರಳು ಒತ್ತಿದ ಜಾಗದಲ್ಲಲ್ಲ, ಅದರ ನೇರ ಕೆಳಗೆ, ಅಡಿಭಾಗದಲ್ಲಿ.

ಬಾಗುವಾಗ ಒಳಗೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕಿದ್ದರೆ ಸೋಫಾಕ್ಕೆ ಹಾಕುವಂಥ ದಪ್ಪ ಸ್ಪಂಜಿನ ತುಂಡು ಬೇಕು. ಅದರ ಪಕ್ಕದ ಮೈಮೇಲೆ ಸ್ಕೆಚ್ ಪೆನ್ನಿನಿಂದ ಅರ್ಧರ್ಧ ಇಂಚಿಗೆ ನಿಂತ ಗೆರೆಗಳನ್ನು ಎಳೆಯಿರಿ. ಈಗ ಸ್ಪಂಜನ್ನು ಸೌತೆಕಾಯಿಯ ಹಾಗೇ ಬಾಗಿಸಿ. ಮೇಲ್ಗಡೆ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಅಲ್ಲಿ ಸ್ಪಂಜು ಅದುಮಿಕೊಂಡಿದೆ. ಕೆಳಗಡೆ ಗೆರೆಗಳು ದೂರ ಸರಿಯುತ್ತವೆ. ಅಲ್ಲಿ ಸ್ಪಂಜು ಹಿಗ್ಗಿದೆ. ಮೇಲೆ ಒತ್ತಡ, ಕೆಳಗೆ ಎಳೆತ.

ಮೇಲಿನಿಂದ ಕೆಳಗೆ ನಿಧಾನವಾಗಿ ನೋಡುತ್ತಾ ಬನ್ನಿ. ಒತ್ತಡ ಕಡಿಮೆಯಾಗುತ್ತಾ ಆಗುತ್ತಾ ಒಂದು ಕಡೆ ಸೊನ್ನೆಯಾಗುತ್ತದೆ. ಅಲ್ಲಿಂದ ಕೆಳಗೆ ಎಳೆತ ಶುರು. ಆ ಸೊನ್ನೆಯ ಮಟ್ಟದಲ್ಲಿ ಗೆರೆಗಳ ನಡುವಿನ ಅಂತರ ಮೊದಲು ಇದ್ದಷ್ಟೇ ಇರುತ್ತದೆ. ಕುಗ್ಗಿಲ್ಲ, ಹಿಗ್ಗಿಲ್ಲ. ಇದನ್ನೇ ನ್ಯೂಟ್ರಲ್ ಆಕ್ಸಿಸ್ ಅನ್ನುವುದು. ಕನ್ನಡ ಪುಸ್ತಕಗಳಲ್ಲಿ ತಟಸ್ಥ ಅಕ್ಷ ಅಂತ ಬರೆಯುತ್ತಾರೆ. ಒಳ್ಳೆಯ ಹೆಸರು. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಕಟ್ಟಡದಲ್ಲಿ ಅಡ್ಡಲಾಗಿ ಕೂತು ಭಾರ ಹೊರುವ ತೊಲೆಯೇ ಬೀಮು. ತಟಸ್ಥ ಅಕ್ಷದ ಈ ಗೆರೆಯನ್ನು ಬೀಮಿನಲ್ಲಿ ಯಾರೂ ಎಳೆದಿರುವುದಿಲ್ಲ. ಬೀಮನ್ನು ಅಡ್ಡಕ್ಕೆ ಕೊಯ್ದು ನೋಡಿದರೂ ಕಾಣುವುದಿಲ್ಲ. ಭಾರ ಬಿದ್ದು ಬೀಮು ಬಾಗಿದಾಗ ಮಾತ್ರ ಅದು ಹುಟ್ಟುತ್ತದೆ.

## ಆ ಗೆರೆ ಎಷ್ಟು ಎತ್ತರದಲ್ಲಿ ಬರುತ್ತದೆ?

ಇದಕ್ಕೆ ಇನ್ನೊಂದು ಪದ ಗೊತ್ತಿರಬೇಕು: ಸೆಂಟ್ರಾಯ್ಡ್. ಒಂದು ಆಕಾರದ ಸಮತೋಲದ ಬಿಂದು. ಊಟದ ತಟ್ಟೆಯನ್ನು ಒಂದೇ ಬೆರಳಿನ ಮೇಲೆ ನಿಲ್ಲಿಸಲು ನೋಡಿದ್ದೀರಲ್ವಾ? ಬೆರಳು ಸರಿಯಾದ ಜಾಗಕ್ಕೆ ಬಂದಾಗ ತಟ್ಟೆ ನಿಲ್ಲುತ್ತದೆ. ಆ ಜಾಗವೇ ಸೆಂಟ್ರಾಯ್ಡ್. ಶಾಲೆಯಲ್ಲಿ ಗುರುತ್ವ ಕೇಂದ್ರ ಅಂತ ಕಲಿತಿರುತ್ತೇವೆ. ದಪ್ಪ ಮತ್ತು ಸರಕು ಎಲ್ಲ ಕಡೆ ಒಂದೇ ಇದ್ದರೆ ಎರಡೂ ಒಂದೇ ಬಿಂದು.

ಆಯತಕ್ಕೆ ಇದನ್ನು ಹುಡುಕುವುದು ಸುಲಭ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಕೂಡುವ ಜಾಗ. ತ್ರಿಕೋನದಲ್ಲಿ ಅದು ಬುಡದಿಂದ ಮೂರನೇ ಒಂದು ಭಾಗ ಎತ್ತರದಲ್ಲಿ ಸಿಗುತ್ತದೆ. ಸರಕು ಬುಡದ ಕಡೆ ಜಾಸ್ತಿ ಇರುವುದರಿಂದ ಬಿಂದುವೂ ಬುಡಕ್ಕೇ ಹತ್ತಿರ. ಎರಡು ಸಾವಿರ ವರ್ಷಕ್ಕೂ ಹಿಂದೆ ಆರ್ಕಿಮಿಡೀಸ್ ಇದನ್ನು ಸಾಧಿಸಿ ತೋರಿಸಿದ್ದ.

ಅಡ್ಡಾದಿಡ್ಡಿ ಆಕಾರವಾದರೆ? ಸೀರೆ ಡಬ್ಬಿಯ ರಟ್ಟಿನಿಂದ ಯಾವುದಾದರೂ ಆಕಾರ ಕತ್ತರಿಸಿ. ಅಂಚಿನಲ್ಲಿ ಒಂದು ಗುಂಡುಪಿನ್ನು ಚುಚ್ಚಿ ನೇತುಹಾಕಿ, ಅದೇ ಪಿನ್ನಿನಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ಮೇಸ್ತ್ರಿಗಳು ಗೋಡೆ ನೆಟ್ಟಗಿದೆಯಾ ನೋಡಲು ತೂಕದ ಗುಂಡು ಬಿಡುತ್ತಾರಲ್ಲ, ಹಾಗೆ. ದಾರದ ಗುಂಟ ಒಂದು ಗೆರೆ ಎಳೆಯಿರಿ. ಪಿನ್ನನ್ನು ಬೇರೆ ಜಾಗಕ್ಕೆ ಚುಚ್ಚಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಕೂಡುವ ಕಡೆ ಸೆಂಟ್ರಾಯ್ಡ್ ಇರುತ್ತದೆ. ನನ್ನ ಹುಡುಗರಿಗೆ ವರ್ಷಾವರ್ಷ ಇದನ್ನು ಮಾಡಿಸುತ್ತೇನೆ. ಮೂರನೇ ಗೆರೆಯೂ ಅದೇ ಬಿಂದುವಿನಲ್ಲಿ ಬಂದು ಕೂತಾಗ ಅವರ ಮುಖ ನೋಡಬೇಕು.

ಸೆಂಟ್ರಾಯ್ಡ್ ಆಕಾರದ ಒಳಗೇ ಇರಬೇಕು ಅಂತೇನೂ ಇಲ್ಲ. ಬಳೆಯದು ನಡುವಿನ ಖಾಲಿ ಜಾಗದಲ್ಲಿದೆ.

ಈಗ ಒಂದು ಚಿಕ್ಕ ಲೆಕ್ಕ. ಇಂಗ್ಲಿಷಿನ ಟೀ ಅಕ್ಷರದ ಆಕಾರ ಅಂದುಕೊಳ್ಳಿ. ಬೀಮು ಮತ್ತು ಅದರ ಮೇಲಿನ ಛಾವಣಿ ಸೇರಿ ಕೊಡುವ ಆಕಾರ ಅದೇ. ಮೇಲಿನ ಪಟ್ಟಿ 10 ಇಂಚು ಅಗಲ, 2 ಇಂಚು ದಪ್ಪ. ಕೆಳಗಿನ ಕಾಲು 2 ಇಂಚು ಅಗಲ, 10 ಇಂಚು ಎತ್ತರ. ಒಟ್ಟು ಎತ್ತರ 12 ಇಂಚು. ಎರಡೂ ಭಾಗದ ವಿಸ್ತೀರ್ಣ ತಲಾ 20 ಚದರ ಇಂಚು. ತಳದಿಂದ ಅಳೆದರೆ ಕಾಲಿನ ನಡು 5 ಇಂಚಿನಲ್ಲಿದೆ, ಪಟ್ಟಿಯ ನಡು 11 ಇಂಚಿನಲ್ಲಿ. 20 ಸಲ 5 ಅಂದರೆ 100. 20 ಸಲ 11 ಅಂದರೆ 220. ಕೂಡಿದರೆ 320. ಒಟ್ಟು ವಿಸ್ತೀರ್ಣ 40ರಿಂದ ಭಾಗಿಸಿದರೆ 8. ಸೆಂಟ್ರಾಯ್ಡ್ ತಳದಿಂದ 8 ಇಂಚು ಮೇಲಿದೆ. ಅರ್ಧ ಎತ್ತರ 6 ಇಂಚು, ಅದಕ್ಕಿಂತ ಎರಡು ಇಂಚು ಮೇಲೆ. ಸರಕು ಎಲ್ಲಿ ಜಾಸ್ತಿಯೋ ಬಿಂದು ಆ ಕಡೆ ಸರಿಯುತ್ತದೆ, ಅಷ್ಟೇ.

## ಎರಡೂ ಒಂದೇ ಕಡೆ ಬರುವುದು ಯಾಕೆ?

ಕಬ್ಬಿಣ, ಮರದಂಥ ಒಂದೇ ಸರಕಿನ ನೇರ ಬೀಮಿನಲ್ಲಿ ತಟಸ್ಥ ಅಕ್ಷ ಸೆಂಟ್ರಾಯ್ಡ್ ಮೂಲಕವೇ ಹಾದುಹೋಗುತ್ತದೆ. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಬೀಮಿನ ಮೇಲೆ ಭಾರ ಕೂತಿದೆ. ಆದರೆ ಅದನ್ನು ಉದ್ದಕ್ಕೆ ಯಾರೂ ಎಳೆಯುತ್ತಿಲ್ಲ, ತಳ್ಳುತ್ತಲೂ ಇಲ್ಲ. ಹಾಗಾದರೆ ಒಳಗಿನ ಒಟ್ಟು ಎಳೆತವೂ ಒಟ್ಟು ಒತ್ತಡವೂ ಸರಿಸಮ ಇರಲೇಬೇಕು. ಒಂದು ಜಾಸ್ತಿಯಾದರೆ ಬೀಮು ಆ ಕಡೆ ಜಾರಬೇಕಿತ್ತು.

ಎರಡನೇ ಮಾತು. ತಟಸ್ಥ ಅಕ್ಷದಿಂದ ದೂರ ಹೋದಷ್ಟೂ ಎಳೆತ ಅಥವಾ ಒತ್ತಡ ಜಾಸ್ತಿಯಾಗುತ್ತದೆ. ಎರಡು ಪಟ್ಟು ದೂರಕ್ಕೆ ಎರಡು ಪಟ್ಟು. ಸ್ಪಂಜಿನ ಗೆರೆಗಳು ಓರೆಯಾದವೇ ಹೊರತು ಸೊಟ್ಟಗಾಗಲಿಲ್ಲ, ಗಮನಿಸಿದಿರಾ? ಅದರ ಅರ್ಥ ಇದೇ.

ಎರಡನ್ನೂ ಸೇರಿಸಿ. ತಟಸ್ಥ ಅಕ್ಷಕ್ಕಿಂತ ಮೇಲ್ಗಡೆ ಇರುವ ಒಂದೊಂದು ತುಣುಕಿನ ವಿಸ್ತೀರ್ಣವನ್ನು ಅದರ ದೂರದಿಂದ ಗುಣಿಸಿ ಕೂಡಿದರೆ ಎಷ್ಟು ಬರುತ್ತದೋ, ಕೆಳಗಿನದ್ದೂ ಅಷ್ಟೇ ಬರಬೇಕು. ಪಾರ್ಕಿನ ಸೀಸಾದಲ್ಲಿ ಎರಡೂ ಕಡೆಯ ಮಕ್ಕಳ ತೂಕವನ್ನು ದೂರದಿಂದ ಗುಣಿಸಿ ಸರಿದೂಗಿಸುವ ಲೆಕ್ಕವೇ ಇದು. ಆಕಾರ ಸರಿದೂಗುವ ಜಾಗಕ್ಕೆ ನಾವು ಆಗಲೇ ಹೆಸರಿಟ್ಟಿದ್ದೇವೆ: ಸೆಂಟ್ರಾಯ್ಡ್.

ಟೀ ಆಕಾರದಲ್ಲಿ ಗೆರೆಯಿಂದ ತಳಕ್ಕೆ 8 ಇಂಚು, ಮೇಲ್ತುದಿಗೆ 4 ಇಂಚು. ಅಂದರೆ ತಳದ ಎಳೆತ ಮೇಲಿನ ಒತ್ತಡದ ಎರಡರಷ್ಟು.

ಇವತ್ತು ಹತ್ತು ನಿಮಿಷದಲ್ಲಿ ಹೇಳುವ ಈ ಮಾತು ಜಗತ್ತಿಗೆ ಅರ್ಥವಾಗಲು ಸುಮಾರು ಇನ್ನೂರು ವರ್ಷ ಹಿಡಿಯಿತು. 1638ರಲ್ಲಿ ಗೆಲಿಲಿಯೋ ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಭಾರ ಕಟ್ಟಿದರೆ ಯಾವಾಗ ಮುರಿಯುತ್ತದೆ ಅಂತ ಲೆಕ್ಕ ಹಾಕಿದ. ಅವನು ನೋಡಿದ್ದೂ ಒಂದು ಥರದ ಬಾಲ್ಕನಿಯನ್ನೇ. ಆದರೆ ತೊಲೆ ತನ್ನ ಕೆಳ ಅಂಚಿನ ಮೇಲೆ ತಿರುಗುತ್ತದೆ, ಇಡೀ ಎತ್ತರದಲ್ಲಿ ಒಂದೇ ಸಮ ಎಳೆತ ಇರುತ್ತದೆ ಅಂದುಕೊಂಡ. ಅದರಿಂದ ಆಯತಾಕಾರದ ತೊಲೆಯ ಬಲ ನಿಜಕ್ಕಿಂತ ಮೂರು ಪಟ್ಟು ಬಂತು. 1713ರಲ್ಲಿ ಫ್ರಾನ್ಸಿನ ಗಣಿತಜ್ಞ ಪಾರಾಂ ಅದನ್ನು ತಿದ್ದಿದ, ಯಾರೂ ಅಷ್ಟಾಗಿ ಗಮನಿಸಲಿಲ್ಲ. 1826ರಲ್ಲಿ ಅದೇ ದೇಶದ ಎಂಜಿನಿಯರ್ ನೇವಿಯೇ ಬರೆದ ಮೇಲೆ ಎಂಜಿನಿಯರ್‌ಗಳಿಗೆ ಇದು ನಿತ್ಯದ ಲೆಕ್ಕವಾಯಿತು.

## ನಡುವಿನ ಸರಕಿಗೆ ಕೆಲಸ ಕಮ್ಮಿ

ಗೆರೆಯ ಹತ್ತಿರ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಅಲ್ಲಿರುವ ಸರಕು ಬಾಗುವುದನ್ನು ತಡೆಯಲು ಹೆಚ್ಚೇನೂ ಮಾಡುವುದಿಲ್ಲ. ದುಡಿಯುವುದು ಮೇಲಿನ ಅಂಚು ಮತ್ತು ಕೆಳಗಿನ ಅಂಚು.

ಮರದ ತೊಲೆಯನ್ನು ನಿಲ್ಲಿಸಿ ಇಡುವುದು ಇದಕ್ಕೇ. 3 ಇಂಚು ಅಗಲ, 6 ಇಂಚು ಎತ್ತರದ ತೊಲೆಯನ್ನು ಮಲಗಿಸಿ ಇಟ್ಟರೆ ಬರುವ ಬಿಗಿಗಿಂತ ನಿಲ್ಲಿಸಿ ಇಟ್ಟರೆ ನಾಲ್ಕು ಪಟ್ಟು ಬಿಗಿ ಬರುತ್ತದೆ. ಬಿಗಿ ಅಂದರೆ ಸುಲಭಕ್ಕೆ ಬಾಗದಿರುವ ಗುಣ. ಹೊರುವ ಶಕ್ತಿ ಎರಡು ಪಟ್ಟು. ಮರ ಅದೇ, ತೂಕ ಅದೇ.

ನಮ್ಮ ಮೆಟ್ರೋ ಕಟ್ಟುವಾಗ ರಸ್ತೆ ನಡುವೆ ಕಾಂಕ್ರೀಟಿನ ದೊಡ್ಡ ದೊಡ್ಡ ತುಂಡುಗಳನ್ನು ಮೇಲಕ್ಕೆತ್ತಿ ಸಾಲಾಗಿ ಜೋಡಿಸುತ್ತಿದ್ದದ್ದು ನೆನಪಿದೆಯಾ? ಟ್ರಾಫಿಕ್ಕಿನಲ್ಲಿ ನಿಂತು ತಲೆ ಎತ್ತಿ ನೋಡಿದವರಿಗೆ ಅವು ಒಳಗೆ ಟೊಳ್ಳು ಅಂತ ಕಂಡಿರುತ್ತದೆ. ಮೇಲೆ ಅಗಲವಾದ ರೆಕ್ಕೆ, ಕೆಳಗೆ ಕಿರಿದಾದ ತಳ, ನಡುವೆ ಖಾಲಿ. ಇಂಥ ಆಕಾರದ ಸೆಂಟ್ರಾಯ್ಡ್ ಆ ಖಾಲಿ ಜಾಗದಲ್ಲೇ ಬೀಳುತ್ತದೆ. ಕೆಲಸವಿಲ್ಲದ ಕಡೆಯ ಕಾಂಕ್ರೀಟ್ ತೆಗೆದರೆ ತೂಕ ಇಳಿಯುತ್ತದೆ, ಬಲ ಹೆಚ್ಚೇನೂ ಇಳಿಯುವುದಿಲ್ಲ. ಪಕ್ಕದ ಗೋಡೆಗಳು ಮೇಲಿನದನ್ನೂ ಕೆಳಗಿನದನ್ನೂ ಜೋಡಿಸಿ ಹಿಡಿದಿರುತ್ತವೆ.

ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋದರೆ ಮಂಟಪದಲ್ಲಿ ಕಂಬಗಳು ಎಷ್ಟು ಹತ್ತಿರ ಹತ್ತಿರ ಇವೆ ನೋಡಿ. ಕಲ್ಲು ಒತ್ತಡವನ್ನು ಎಷ್ಟು ಬೇಕಾದರೂ ತಡೆಯುತ್ತದೆ. ಎಳೆತಕ್ಕೆ ಬೇಗ ಬಿರುಕು ಬಿಡುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ತಳದಲ್ಲಿ ಎಳೆತ ಜಾಸ್ತಿ. ಹಾಗಾಗಿ ತೊಲೆ ಗಿಡ್ಡ, ಕಂಬ ಜಾಸ್ತಿ. ಊರಿನ ಹಳೇ ಚಪ್ಪಡಿ ಮನೆಗಳಲ್ಲಿ ಕೋಣೆಗಳು ಕಿರಿದಾಗಿರುವುದಕ್ಕೂ ಇದೇ ಕಾರಣ.

## ಕಾಂಕ್ರೀಟಿನಲ್ಲಿ ಗೆರೆ ಜಾಗ ಬಿಡುತ್ತದೆ

ಕಾಂಕ್ರೀಟೂ ಒಂದು ಥರದ ಕಲ್ಲೇ. ಮನೆಗಳಿಗೆ ಹಾಕುವ ಎಂ 20 ದರ್ಜೆಯ ಕಾಂಕ್ರೀಟ್ 28 ದಿನಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 200 ಕೆಜಿ ಒತ್ತಡ ತಡೆಯಬೇಕು. ಎಳೆತ ತಡೆಯುವುದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಆ ಕೊರತೆ ತುಂಬಲು ಕಂಬಿ ಬೇಕು.

ಛಾವಣಿ ಗೋಡೆಯಿಂದ ಗೋಡೆಗೆ ಕೂತಿದೆ. ಭಾರಕ್ಕೆ ನಡು ತಗ್ಗುತ್ತದೆ. ಸೌತೆಕಾಯಿಯ ಹಾಗೆ ಕೆಳಗೆ ಎಳೆತ. ಅದಕ್ಕೇ ಕಂಬಿ ಕೆಳಗೆ, ಅದು ಹಲಗೆಗೆ ತಾಗದ ಹಾಗೆ ಇಡುವ ಕವರ್ ಬ್ಲಾಕ್ ಅನ್ನುವ ಚಿಕ್ಕ ತುಂಡಿನ ಮೇಲೆ.

ತಳದ ಕಾಂಕ್ರೀಟಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬರುತ್ತವೆ. ಇದು ಲೆಕ್ಕದಲ್ಲಿ ಸೇರಿದ ಸಂಗತಿ, ಹೆದರಬೇಕಿಲ್ಲ. ಬಿರುಕು ಬಿಟ್ಟ ಮೇಲೆ ಆ ಭಾಗದ ಕಾಂಕ್ರೀಟ್ ಎಳೆತಕ್ಕೆ ಉಪಯೋಗವಿಲ್ಲ ಅಂತ ಎಂಜಿನಿಯರ್ ಅದನ್ನು ಲೆಕ್ಕದಿಂದಲೇ ಕೈಬಿಡುತ್ತಾರೆ. ಉಳಿದದ್ದು ಮೇಲಿನ ಕಾಂಕ್ರೀಟ್, ಕೆಳಗಿನ ಕಂಬಿ. ಸ್ಟೀಲು ಎಂ 20 ಕಾಂಕ್ರೀಟಿಗಿಂತ ಸುಮಾರು ಒಂಬತ್ತು ಪಟ್ಟು ಬಿಗಿ. ಹಾಗಾಗಿ ಒಂದು ಚದರ ಸೆಂಟಿಮೀಟರ್ ಕಂಬಿಯನ್ನು ಒಂಬತ್ತು ಚದರ ಸೆಂಟಿಮೀಟರ್ ಕಾಂಕ್ರೀಟ್ ಅಂತ ಹಿಡಿದು ಮತ್ತೆ ಸಮತೋಲದ ಲೆಕ್ಕ ಮಾಡಬಹುದು. ಹೀಗೆ ಮಾಡಿದಾಗ ಗೆರೆ ಸಾಮಾನ್ಯವಾಗಿ ನಡುವಿಗಿಂತ ಮೇಲೆ ಹೋಗಿ ಕೂರುತ್ತದೆ. ಆಕಾರ ಆಯತವಾದರೂ ಗೆರೆ ಆಯತದ ನಡುವೆ ಇಲ್ಲ. ಪರೀಕ್ಷೆಯಲ್ಲಿ ಹುಡುಗರು ತಪ್ಪುವುದು ಇಲ್ಲೇ.

ಕಂಬಿ ಜಾಸ್ತಿ ಹಾಕಿದಷ್ಟೂ ಗೆರೆ ಕೆಳಗೆ ಇಳಿಯುತ್ತದೆ. "ಇರಲಿ ಬಿಡಿ, ಎರಡು ಕಂಬಿ ಜಾಸ್ತಿ ಹಾಕಿ" ಅನ್ನುವ ಮಾತನ್ನು ಎಷ್ಟೋ ಸೈಟಿನಲ್ಲಿ ಕೇಳಿದ್ದೇನೆ. ಮನೆಯವರ ಕಾಳಜಿ ಅದು. ಆದರೆ ಕಾಂಕ್ರೀಟ್ ಕಟ್ಟಡಗಳಿಗೆ ನಮ್ಮ ದೇಶದಲ್ಲಿ ಅನುಸರಿಸುವ ಐಎಸ್ 456 ಅನ್ನುವ ನಿಯಮಾವಳಿ ಈ ಗೆರೆ ಎಷ್ಟು ಕೆಳಗಿಳಿಯಬಹುದು ಅನ್ನುವುದಕ್ಕೇ ಮಿತಿ ಹಾಕಿದೆ. ಎಫ್ಇ 500 ಅನ್ನುವ ದರ್ಜೆಯ ಕಂಬಿಯಾದರೆ, ಬೀಮಿನ ಮೇಲ್ತುದಿಯಿಂದ ಕಂಬಿಯ ನಡುವಿನವರೆಗಿನ ಆಳದಲ್ಲಿ 0.46 ಭಾಗ. ಆ ಆಳ 400 ಮಿಲಿಮೀಟರ್ ಇದ್ದರೆ ಗೆರೆ 184 ಮಿಲಿಮೀಟರಿಗಿಂತ ಕೆಳಗೆ ಹೋಗಬಾರದು.

ಯಾಕಂದರೆ ಮಿತಿಯೊಳಗಿರುವ ಬೀಮಿಗೆ ಭಾರ ಮೀರಿದಾಗ ಮೊದಲು ಕಂಬಿ ಹಿಗ್ಗುತ್ತದೆ. ಬೀಮು ಜೋತುಬೀಳುತ್ತದೆ, ಬಿರುಕು ಅಗಲವಾಗುತ್ತದೆ. ಒಳಗಿದ್ದವರಿಗೆ ಹೊರಗೆ ಬರಲು ಸೂಚನೆ ಸಿಗುತ್ತದೆ. ಕಂಬಿ ಮಿತಿ ಮೀರಿದ ಬೀಮಿನಲ್ಲಿ ಕಂಬಿ ಹಿಗ್ಗುವ ಮೊದಲೇ ಮೇಲಿನ ಕಾಂಕ್ರೀಟ್ ನುಜ್ಜಾಗುತ್ತದೆ. ಅದು ಹೇಳಿ ಕೇಳಿ ಆಗುವುದಿಲ್ಲ, ಒಮ್ಮೆಗೇ ಆಗುತ್ತದೆ. ಅದಕ್ಕೇ ಕಂಬಿ ಜಾಸ್ತಿ ಬೇಕು ಅನ್ನಿಸಿದರೆ ಎಂಜಿನಿಯರನ್ನು ಕೇಳಿಯೇ ಹಾಕಿಸಿ.

## ಬಾಲ್ಕನಿಯಲ್ಲಿ ಎಲ್ಲ ತಲೆಕೆಳಗು

ಬಾಲ್ಕನಿಗೆ ಒಂದೇ ಕಡೆ ಆಸರೆ. ಇನ್ನೊಂದು ತುದಿ ಗಾಳಿಯಲ್ಲಿ. ಭಾರ ಬಿದ್ದರೆ ಹೊರತುದಿ ತಗ್ಗುತ್ತದೆ. ಆಗ ಹಿಗ್ಗುವುದು ಮೇಲ್ಮೈ, ಕುಗ್ಗುವುದು ತಳ. ಮೇಜಿನ ಅಂಚಿನಿಂದ ಸ್ಪಂಜನ್ನು ಅರ್ಧ ಹೊರಗೆ ಚಾಚಿ, ಒಳಗಿನ ಅರ್ಧವನ್ನು ಕೈಯಲ್ಲಿ ಒತ್ತಿ ಹಿಡಿದು, ತುದಿಯನ್ನು ಕೆಳಗೆ ಅದುಮಿ. ಈ ಸಲ ಗೆರೆಗಳು ಮೇಲ್ಗಡೆ ದೂರವಾಗುತ್ತವೆ. ಎಳೆತ ಇರುವ ಕಡೆ ಕಂಬಿ ಇರಬೇಕು. ಹಾಗಾಗಿ ಬಾಲ್ಕನಿಯ ಮುಖ್ಯ ಕಂಬಿ ಮೇಲೆ. ಅದು ಮನೆಯೊಳಗಿನ ಛಾವಣಿಯಲ್ಲೂ ಸಾಕಷ್ಟು ದೂರ ಹೋಗಿ ಹಿಡಿದುಕೊಂಡಿರಬೇಕು. ಸಜ್ಜಾಕ್ಕೂ ಇದೇ ಲೆಕ್ಕ.

ಅಕ್ಕನ ಬಾಲ್ಕನಿ 5 ಇಂಚು, ಅಂದರೆ 125 ಮಿಲಿಮೀಟರ್ ದಪ್ಪ. ಮೇಲೆ 20 ಮಿಲಿಮೀಟರ್ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್), 10 ಮಿಲಿಮೀಟರ್ ಕಂಬಿ. ತಳದಿಂದ ಕಂಬಿಯ ನಡುವಿಗೆ 100 ಮಿಲಿಮೀಟರ್. ಈ ದೂರವೇ ಬಾಲ್ಕನಿಯ ಬಲ. ಯಾರೋ ತುಳಿದು ಕಂಬಿ 50 ಮಿಲಿಮೀಟರ್ ತಗ್ಗಿತು ಅಂದರೆ ಬಲ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಹಲಗೆಗೇ ತಾಗಿತು ಅಂದರೆ? ಎಳೆತವೆಲ್ಲ ಮೇಲೆ, ಕಂಬಿಯೆಲ್ಲ ಕೆಳಗೆ. ಆ ಕಂಬಿ ಇದ್ದೂ ಇಲ್ಲದ ಹಾಗೆ. ಮೋಲ್ಡ್ ಹಾಕಿದ ಮೇಲೆ ಹೊರಗಿನಿಂದ ಇದು ಯಾರಿಗೂ ಕಾಣುವುದಿಲ್ಲ. ಸೆಂಟ್ರಿಂಗ್ ಬಿಚ್ಚುವವರೆಗೆ ಹಲಗೆ ಹೊತ್ತಿರುತ್ತದೆ. ಬಿಚ್ಚಿದ ದಿನ ಅಥವಾ ಹಬ್ಬಕ್ಕೆ ನಾಲ್ಕು ಜನ ಬಂದು ಅಲ್ಲಿ ನಿಂತ ದಿನ ಅಪಾಯ.

ಒಂದೇ ಛಾವಣಿಯಲ್ಲೂ ಎಳೆತ ಜಾಗ ಬದಲಾಯಿಸುತ್ತದೆ. ಉದ್ದದ ಛಾವಣಿ ಮೂರು ಬೀಮುಗಳ ಮೇಲೆ ಕೂತಿದ್ದರೆ, ಬೀಮುಗಳ ನಡುವೆ ಎಳೆತ ಕೆಳಗೆ, ಒಳಗಿನ ಬೀಮಿನ ನೆತ್ತಿಯಲ್ಲಿ ಎಳೆತ ಮೇಲೆ. ಛಾವಣಿಯಲ್ಲಿ ಬಾರ್ ಬೆಂಡರ್‌ಗಳು ಕ್ರ್ಯಾಂಕ್ ಮಾಡಿ ಕಟ್ಟುವ ಕಂಬಿ ನೋಡಿ. ನಡುವೆ ಕೆಳಗಿರುತ್ತದೆ, ಬೀಮಿನ ಹತ್ತಿರ ಬರುತ್ತಾ ಓರೆಯಾಗಿ ಮೇಲಕ್ಕೆ ಏರುತ್ತದೆ. ಎಳೆತ ಎಲ್ಲಿದೆಯೋ ಅದನ್ನು ಹುಡುಕಿಕೊಂಡು ಹೋಗುವ ಕಂಬಿ ಅದು.

## ಬೀಮಿಗೆ ತೂತು ಹೊಡೆಯಬಹುದಾ?

ಎಸಿ ಪೈಪು, ಬಾತ್‌ರೂಮಿನ ಪೈಪು ಅಂತ ಕೋರ್ ಕಟಿಂಗ್ ಮೆಷಿನ್ ತರುವ ಕಾಲ ಇದು. ನಡುಮಟ್ಟದಲ್ಲಿ ಸರಕಿಗೆ ಕೆಲಸ ಕಮ್ಮಿ ಅಂದಮೇಲೆ ಅಲ್ಲಿ ತೂತು ಹೊಡೆದರೇನು ಅಂತ ಕೇಳಬಹುದು. ಅರ್ಧ ಸರಿ. ಬಾಗುವುದರ ಮಟ್ಟಿಗೆ ಮೇಲಂಚು, ಕೆಳಂಚು ಮುಟ್ಟುವುದಕ್ಕಿಂತ ನಡುಮಟ್ಟ ವಾಸಿ.

ಆದರೆ ಬೀಮಿನೊಳಗೆ ಇನ್ನೊಂದು ಬಲವೂ ಇದೆ. ಇಸ್ಪೀಟು ಕಟ್ಟನ್ನು ಬಾಗಿಸಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವಲ್ಲ, ಬೀಮಿನ ಪದರಗಳಿಗೂ ಹಾಗೆ ಜಾರುವ ಒತ್ತಾಯ ಇರುತ್ತದೆ. ಒಂದೇ ಸರಕಿನ ಆಯತಾಕಾರದ ಬೀಮಿನಲ್ಲಿ ಈ ಒತ್ತಾಯ ಅತಿ ಹೆಚ್ಚು ಇರುವುದು ತಟಸ್ಥ ಅಕ್ಷದಲ್ಲೇ, ಸರಾಸರಿಯ ಒಂದೂವರೆ ಪಟ್ಟು. ಅದೂ ಕಂಬದ ಹತ್ತಿರ ತುಂಬಾ ಜೋರು. ಬೀಮಿನ ಉದ್ದದ ಕಂಬಿಗಳನ್ನು ಸುತ್ತುವ ರಿಂಗುಗಳನ್ನು ಕಂಬದ ಬಳಿ ಹತ್ತಿರ ಹತ್ತಿರ ಕಟ್ಟುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಕಂಬದ ಪಕ್ಕದಲ್ಲಿ ತೂತು ನಡುಮಟ್ಟದಲ್ಲಿದ್ದರೂ ಕೆಟ್ಟದ್ದೇ. ಡ್ರಿಲ್ಲು ಕಂಬಿಯನ್ನು ಕತ್ತರಿಸಿದರಂತೂ ಕೇಳುವುದೇ ಬೇಡ. ಕಟ್ಟಡದ ಡ್ರಾಯಿಂಗ್ ನೋಡಿದ ಎಂಜಿನಿಯರ್ ಜಾಗ ಗುರುತು ಮಾಡಿಕೊಡುವ ತನಕ ಮೆಷಿನ್ ಹಚ್ಚಬೇಡಿ.

## ಆ ದಿನ ಆದದ್ದು

ಬಾಲ್ಕನಿ ಕಡೆ ಕಾಂಕ್ರೀಟ್ ಒಂದೂವರೆ ಗಂಟೆ ನಿಂತಿತು. ಅಲ್ಲಿ ಆಗಲೇ ಬಿದ್ದಿದ್ದ ನಾಲ್ಕಾರು ಬಾಂಡ್ಲಿಯನ್ನು ಕೆರೆದು ತೆಗೆಸಿದರು. ಬಾರ್ ಬೆಂಡರ್ ಹುಡುಗರು ಕಂಬಿಯ ತುಂಡುಗಳನ್ನು ಬಗ್ಗಿಸಿ ಚೇರ್ ಮಾಡಿದರು. ಸ್ಟೂಲಿನಂಥ ನಾಲ್ಕು ಕಾಲಿನ ಆಸರೆ ಅದು. ಎರಡೆರಡು ಅಡಿಗೊಂದು ಇಟ್ಟು, ಮೇಲಿನ ಕಂಬಿಯನ್ನು ಅದಕ್ಕೆ ಬಿಗಿದರು. ಓಡಾಡಲು ಕಂಬಿಗೆ ತಾಗದ ಹಾಗೆ ಇಟ್ಟಿಗೆ ಇಟ್ಟು ಹಲಗೆ ಹಾಸಿದರು.

ಅಷ್ಟೊತ್ತಿಗೆ ಅಕ್ಕ ಮೇಸ್ತ್ರಿಯ ಟೇಪು ಇಸಿದುಕೊಂಡಿದ್ದಳು. ಬಾಲ್ಕನಿಯ ಮೂರು ಕಡೆ ಬಗ್ಗಿ ಹಲಗೆಯಿಂದ ಕಂಬಿಯ ನಡುವಿಗೆ ಅಳೆದಳು. ಎರಡು ಕಡೆ 100 ಮಿಲಿಮೀಟರ್ ಇತ್ತು. ಮೂಲೆಯಲ್ಲಿ 85. "ಮೇಸ್ತ್ರಿ, ಇಲ್ಲಿಗೆ ಇನ್ನೊಂದು ಚೇರ್ ಕೊಡಿ," ಅಂದಳು.